ಮಾಡಿನ ಮೇಲಿನ ಹಲ್ಲು

ಹದಿನಾಲ್ಕು ದಿನಗಳಿಂದ ಭವ್ಯಶ್ರೀಯ ಗಂಟಲಲ್ಲಿ ಒಂದು ಮಾತು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ನುಂಗಿದರೆ ಒಳಗಿಳಿಯದು, ಕೆಮ್ಮಿದರೆ ಹೊರಗೆ ಬಾರದು. ಮಾತು ದೊಡ್ಡದೇನಲ್ಲ: “ಅದು ಹಾಲುಹಲ್ಲು ಮಾಮಿ, ಮಾಡಿಗೆ ಬಿಸಾಡಿ.” ಫೋನಿನಲ್ಲಿ ಹಾಗೆ ಹೇಳಿದವಳು ಅವಳು. ಹೇಳಿದ ಹಾಗೆ ಮಾಡಿದವರು ಅತ್ತೆ ಕುಶಲಾ. ಮನೆಯ ಹಂಚಿನ ಛಾವಣಿಗೆ ಬಿಸಾಡಿದ್ದು ಹಾಲುಹಲ್ಲಲ್ಲ, ಎಂಟು ವರ್ಷದ ಸಾನಿಧ್ಯಳಿಗೆ ಕಳೆದ ವರ್ಷವಷ್ಟೇ ಬಂದ, ಜೀವಮಾನವಿಡೀ ಇರಬೇಕಾದ ಎದುರಿನ ಹಲ್ಲು. ಅದಕ್ಕಾಗಿ ಮಗನಿಂದ ಬೈಸಿಕೊಂಡವರೂ ಕುಶಲಾ. ಬೈಸಿಕೊಂಡ ಮರುದಿನ ಬೆಳಿಗ್ಗೆ ಕಾರ್ಕಳದ ಮಗಳ ಮನೆಗೆ ಹೋದವರು ಕಾಪುವಿಗೆ ತಿರುಗಿ ಬಂದಿರಲಿಲ್ಲ. ಬಿಸಾಡಲಿಕ್ಕೆ ಹೇಳಿದ್ದು ಯಾರು ಎಂಬುದನ್ನು ಯಾರೂ ಕೇಳಿರಲಿಲ್ಲ, ಭವ್ಯಶ್ರೀ ಹೇಳಿರಲಿಲ್ಲ.

ಇವತ್ತು ಮಣಿಪಾಲದ ದಂತ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಸಾನುವಿನ ಹಲ್ಲಿನ ತಂತಿ ಬಿಚ್ಚುವ ದಿನ. ಬೆಂಚಿನಲ್ಲಿ ಕುಳಿತು ಭವ್ಯಶ್ರೀ ಮಗಳ ಬಾಯಿಯನ್ನೇ ನೋಡುತ್ತಿದ್ದಳು. ಹಲ್ಲು ಸ್ವಲ್ಪ ಬೂದುಬಣ್ಣವಾಗಿದೆಯೋ? ಬೆಳಕಿಗೆ ಹಾಗೆ ಕಾಣುವುದೋ? ಪಕ್ಕದ ಹಲ್ಲಿಗಿಂತ ಉದ್ದವಾಯಿತೋ? ಬೆಳಿಗ್ಗೆಯಿಂದ ನಾಲ್ಕು ಸಲ ಮೊಬೈಲಿನ ಟಾರ್ಚು ಹಾಕಿ ನೋಡಿಯಾಗಿತ್ತು.

“ಅಮ್ಮ, ಇನ್ನೊಂದು ಸಲ ಬಾಯಿ ತೆರಿ ಅಂದ್ರೆ ನಾನು ಕಚ್ತೇನೆ,” ಎಂದಳು ಸಾನು.

“ಅಯ್ಯೋ ಕಚ್ಚಬೇಡ! ಆ ಹಲ್ಲಿನಲ್ಲಿ ಕಚ್ಚಲಿಕ್ಕೇ ಇಲ್ಲ ಅಂದಿದ್ದಾರೆ.”

ಚಿಂತೆ ಮಾಡುವುದರಲ್ಲಿ ಭವ್ಯಶ್ರೀಗೆ ಸಮ ಯಾರೂ ಇಲ್ಲ ಎಂದು ಕಾಪುವಿನ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಮಂಗಳೂರಿನ ಪೇಟೆಯಲ್ಲಿ ಓದಿ ಬೆಳೆದವಳು. ಕುದಿಸಿದ ನೀರನ್ನು ಇನ್ನೊಮ್ಮೆ ಕುದಿಸುವವಳು. ಮಗಳಿಗೆ ಮೊದಲ ಹಲ್ಲು ಬಂದಾಗಲೇ ಬೆರಳಿಗೆ ಹಾಕುವ ಬ್ರಷ್ಷು ತರಿಸಿದವಳು, ಟೂತ್ ಪೇಸ್ಟ್ ಎಷ್ಟು ಹಾಕಬೇಕೆಂದು ಬಟಾಣಿ ಕಾಳು ತೋರಿಸಿ ಅತ್ತೆಗೆ ಪಾಠ ಮಾಡಿದವಳು. “ನಾವೆಲ್ಲ ಮಾವಿನ ಎಲೆಯಲ್ಲಿ ಉಜ್ಜಿ ದೊಡ್ಡವರಾದದ್ದು,” ಎಂದು ಕುಶಲಾ ಹೇಳಿದರೆ, “ಅದಕ್ಕೇ ನಿಮಗೆ ಹಲ್ಲಿಲ್ಲ ಮಾಮಿ,” ಎಂದು ನಕ್ಕು ಉತ್ತರ ಕೊಟ್ಟವಳು.

ಕುಶಲಾ ಆಗಲೂ ನಕ್ಕಿದ್ದರು, ಬಾಯಿಗೆ ಸೆರಗು ಅಡ್ಡ ಹಿಡಿದು. ಅವರು ನಗುವುದೇ ಹಾಗೆ. ಕೆಮ್ಮಣ್ಣು ಎಂಬ ಊರಿನಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಕಾಪುವಿಗೆ ಸೊಸೆಯಾಗಿ ಬಂದವರು. ಎರಡನೆಯ ಬಾಣಂತನದಲ್ಲಿ ವಸಡು ಕೀವಾಗಿ ಎದುರಿನ ನಾಲ್ಕು ಹಲ್ಲು ಅಲ್ಲಾಡತೊಡಗಿದಾಗ, ಹೆತ್ತವಳಿಗೆ ಹಲ್ಲು ಹೋಗುವುದು ಸಹಜ ಎಂದು ಊರಿನ ಹೆಂಗಸರು ಸಮಾಧಾನ ಹೇಳಿದರು. ಯಾರೋ ನಾಲ್ಕನ್ನೂ ಕಿತ್ತುಬಿಟ್ಟರು. ಆಗ ಅವರಿಗೆ ಇಪ್ಪತ್ತೈದು. ಗಂಡ ಬೇಗ ತೀರಿಕೊಂಡ ಮೇಲೆ ಬೀಡಿ ಸುತ್ತಿಯೇ ಮಗಳ ಮದುವೆ ಮಾಡಿದರು, ಮಗ ರೋಹಿತನನ್ನು ಡಿಪ್ಲೊಮಾ ಓದಿಸಿದರು. ಜಗಲಿಯಲ್ಲಿ ಹತ್ತು ಹೆಂಗಸರು ಸೇರಿ ಎಲೆ ಕತ್ತರಿಸುತ್ತ ಊರಿನ ಸುದ್ದಿಗೆಲ್ಲ ನಗುವಾಗ, ಬಾಯಿ ಮುಚ್ಚಿಕೊಂಡು ಹೆಗಲು ಕುಣಿಸುವವರು ಇವರೊಬ್ಬರೇ. ರೋಹಿತ್ ಮಸ್ಕತ್ತಿನಿಂದ ಮೊದಲ ರಜೆಗೆ ಬಂದಾಗ ಅಮ್ಮನಿಗೆ ಹಲ್ಲಿನ ಸೆಟ್ಟು ಮಾಡಿಸಿಕೊಟ್ಟ. ಅದನ್ನು ಅವರು ಮದುವೆ, ಗೃಹಪ್ರವೇಶಗಳಿಗೆ ಮಾತ್ರ ಹಾಕುತ್ತಿದ್ದರು. ಉಳಿದ ದಿನ ಅದು ಸ್ಟೀಲಿನ ಲೋಟದ ನೀರಿನಲ್ಲಿ. “ಈಗ ದವಡೆಗೇ ಸ್ಕ್ರೂ ಕೂರಿಸಿ ಹಲ್ಲು ಕೊಡ್ತಾರೆ ಅಮ್ಮ, ಕಬ್ಬು ಬೇಕಾದ್ರೂ ಜಗಿಯಬಹುದು,” ಎಂದು ಅವನು ಕಳೆದ ವರ್ಷ ಬಂದಾಗ ಹೇಳಿದ. “ಸ್ಕ್ರೂ ಹಾಕ್ಲಿಕ್ಕೆ ನಾನು ಎಂತ, ಬಾಗಿಲಾ?” ಎಂದುಬಿಟ್ಟರು ಕುಶಲಾ.

ಅಂಥವರ ತಲೆಯ ಮೇಲೆ ಮೊಮ್ಮಗಳ ಎದುರಿನ ಹಲ್ಲು ಕಳೆದ ಅಪವಾದ ಬಂದು ಕೂತಿತ್ತು.

ಆ ದಿನ ಶನಿವಾರ. ಸಾನುವಿಗೆ ಶಾಲೆಯಿಲ್ಲ. ಮಣಿಪಾಲದ ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುವ ಭವ್ಯಶ್ರೀಗೆ ರಜೆಯಿಲ್ಲ. ಉತ್ತರಪತ್ರಿಕೆಗಳ ಕಟ್ಟು ಎಣಿಸುತ್ತಿದ್ದಾಗ ಹನ್ನೊಂದೂ ಇಪ್ಪತ್ತಕ್ಕೆ ಅತ್ತೆಯ ಫೋನು ಬಂತು.

“ಭವ್ಯಾ, ಸಾನು ಜಗಲಿಯ ಮೆಟ್ಟಿಲಿನಲ್ಲಿ ಬಿದ್ದಳು ಮಗಾ. ಹೆದರಬೇಡ, ಈಗ ರಕ್ತ ನಿಂತಿದೆ. ಹಲ್ಲೊಂದು ಬಿತ್ತು.”

ಒಂದು ವಾರದಿಂದ ಮಗಳ ಕೆಳಗಿನ ಹಾಲುಹಲ್ಲೊಂದು ಅಲ್ಲಾಡುತ್ತಿತ್ತು. ಅದೇ ಬಿತ್ತು ಅಂದುಕೊಂಡಳು ಭವ್ಯಶ್ರೀ. ಎದುರಿಗೆ ಮೇಲಧಿಕಾರಿ ನಿಂತಿದ್ದರು, ಎಣಿಕೆ ತಪ್ಪುತ್ತಿತ್ತು.

“ಅತ್ತಿಲ್ಲ ಅಲ್ವಾ? ಸರಿ, ಉಪ್ಪುನೀರು ಮುಕ್ಕಳಿಸಲಿ.”

“ಅಲ್ಲ, ಇದಕ್ಕೆ ಬೇರು ಉದ್ದ ಉಂಟು. ದೊಡ್ಡ ಹಲ್ಲಿನ ಹಾಗೆ ಕಾಣ್ತದೆ ನನಗೆ. ತೆಗೆದು ಇಡಲಾ?”

“ಅದು ಹಾಲುಹಲ್ಲು ಮಾಮಿ, ಮಾಡಿಗೆ ಬಿಸಾಡಿ. ನಾನು ಆಮೇಲೆ ಫೋನು ಮಾಡ್ತೇನೆ.”

ಬಿದ್ದ ಹಾಲುಹಲ್ಲನ್ನು ಹಂಚಿನ ಮಾಡಿಗೆ ಎಸೆಯದೆ ಅವರ ಮನೆಯಲ್ಲಿ ಯಾರೂ ದೊಡ್ಡವರಾದದ್ದಿಲ್ಲ. ಸೂರ್ಯನಿಗೆ ತೋರಿಸಿ, ಮಗುವಿನ ತಲೆಗೆ ಮೂರು ಸುತ್ತು ನಿವಾಳಿಸಿ ಎಸೆದರೆ ಹೊಸ ಹಲ್ಲು ನೆಟ್ಟಗೆ ಬರುತ್ತದೆಂಬ ನಂಬಿಕೆ. ಸಾನುವಿನ ಹಲ್ಲುಗಳೂ ಒಂದೊಂದಾಗಿ ಅಲ್ಲಿಗೇ ಹೋಗಿದ್ದವು. ಪ್ರಪಂಚದ ಎಲ್ಲದಕ್ಕೂ ಹೆದರುವ ಭವ್ಯಶ್ರೀ ಹೆದರಬೇಕಾದ ಆ ಒಂದು ನಿಮಿಷದಲ್ಲಿ ಹೆದರಲಿಲ್ಲ. ಹಲ್ಲು ಮೇಲಿನದೋ ಕೆಳಗಿನದೋ ಎಂದು ಕೂಡ ಕೇಳಲಿಲ್ಲ.

ಅರ್ಧ ಗಂಟೆಯ ನಂತರ ಸಾನು ಅಜ್ಜಿಯ ಫೋನಿನಿಂದ ಫೋಟೋ ಕಳಿಸಿದಳು. ಬಾತ ತುಟಿ. ಮೇಲಿನ ಸಾಲಿನ ನಡುಮಧ್ಯದಲ್ಲಿ ಕಪ್ಪು ಕಿಂಡಿ.

ಭವ್ಯಶ್ರೀ ಉತ್ತರಪತ್ರಿಕೆಗಳ ಕಟ್ಟನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು. ಶಾಲೆಯ ಶಿಬಿರದಲ್ಲಿ ಪರಿಚಯವಾಗಿದ್ದ ದಂತವೈದ್ಯೆ ಡಾಕ್ಟರ್ ರೇಚಲ್ ಅವರ ನಂಬರು ಹುಡುಕಿ ಒತ್ತಿದಳು.

“ಹಲ್ಲು ಎಲ್ಲಿ ಉಂಟು?” ರೇಚಲ್ ಕೇಳಿದ ಮೊದಲ ಪ್ರಶ್ನೆ ಅದು. “ಬೇರು ಮುಟ್ಟಬೇಡಿ, ಉಜ್ಜಿ ತೊಳೆಯಬೇಡಿ. ತಣ್ಣಗಿನ ಹಾಲಿನಲ್ಲಿ ಹಾಕಿ. ಹಾಲಿಲ್ಲದಿದ್ರೆ ಸೀಯಾಳದ ನೀರು. ಒಂದು ಗಂಟೆಯೊಳಗೆ ಕೂರಿಸಿದ್ರೆ ಒಳ್ಳೆದು. ಬಿದ್ದು ಎಷ್ಟು ಹೊತ್ತಾಯಿತು?”

ಆಗಲೇ ಮೂವತ್ತೈದು ನಿಮಿಷ. ಭವ್ಯಶ್ರೀ ಅತ್ತೆಗೆ ಫೋನು ಮಾಡಿ ಕಿರುಚಿದಳು, “ಮಾಮಿ, ಹಲ್ಲು ಎಲ್ಲಿ?”

“ಮಾಡಿಗೆ ಹಾಕಿದೆನಲ್ಲ, ನೀನೇ...”

“ಹುಡುಕಿಸಿ! ಯಾರನ್ನಾದರೂ ಕರೆದು ಹುಡುಕಿಸಿ!”

ಮಣಿಪಾಲದ ಇಳಿಜಾರು, ಉಡುಪಿಯ ಸಿಗ್ನಲ್ಲು, ಉದ್ಯಾವರದ ಸೇತುವೆಯ ಮೇಲೆ ಒಂದರ ಹಿಂದೊಂದು ಮೀನಿನ ಲಾರಿ. ಸ್ಕೂಟರಿನ ಮೇಲೆ ಅವಳು ಎಷ್ಟು ಸಲ ಗಡಿಯಾರ ನೋಡಿದಳೋ. ಕಾಪುವಿನ ಅಂಗಳಕ್ಕೆ ಬಂದಾಗ ಒಂದು ಗಂಟೆ ಇಪ್ಪತ್ತು ನಿಮಿಷ ಕಳೆದಿತ್ತು. ಮಳೆಗಾಲಕ್ಕೆ ಮುಂಚೆ ಊರವರ ಒಡೆದ ಹಂಚು ಬದಲಿಸಿಕೊಡುವ ಸರ್ವೋತ್ತಮ ಮಾಡಿನ ಮೇಲೆ ಬಗ್ಗಿ ಹಂಚಿನ ಸಾಲು ಸಾಲು ಕೈಯಾಡಿಸುತ್ತಿದ್ದ. ಕೆಳಗೆ ನೆರೆಮನೆಯ ಹೆಂಗಸರು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ಕುಶಲಾ ಸಾನುವನ್ನು ಮಡಿಲಲ್ಲಿ ಕೂರಿಸಿಕೊಂಡು, ಅವಳ ತುಟಿಗೆ ಮಂಜುಗಡ್ಡೆ ಸುತ್ತಿದ ಬಟ್ಟೆ ಒತ್ತಿ ಹಿಡಿದಿದ್ದರು.

“ಚೆಂಡು ಹುಡುಕಲಿಕ್ಕೆ ಎಷ್ಟೋ ಸಲ ಹತ್ತಿದ್ದೇನೆ,” ಎಂದ ಸರ್ವೋತ್ತಮ ಮೇಲಿನಿಂದ. “ಹಲ್ಲು ಹುಡುಕುದು ಇದೇ ಮೊದಲು ಮಾರಾಯ್ತಿ. ಹಾಂ... ಸಿಕ್ಕಿತು!”

ಅಂಗಳದಲ್ಲಿದ್ದವರೆಲ್ಲ ಉಸಿರು ಬಿಟ್ಟರು. ಅವನು ಕೆಳಗೆ ಬಾಗಿ ಕೊಟ್ಟದ್ದನ್ನು ಭವ್ಯಶ್ರೀ ಅಂಗೈಯಲ್ಲಿ ನೋಡಿದಳು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಡಿಯಲ್ಲಿ ಬೇರೇ ಇಲ್ಲ. ಕಳೆದ ವರ್ಷ ಎಸೆದ ಹಾಲುಹಲ್ಲು.

“ಇದಲ್ಲ ಸರ್ವೋತ್ತಮಣ್ಣ! ಬೇರು ಇರುವುದು!”

ಇನ್ನೂ ಹದಿನೈದು ನಿಮಿಷ ಹೋಯಿತು. ಕಾಗೆಯೊಂದು ಬಂದು ಮಾಡಿನ ತುದಿಯಲ್ಲಿ ಕೂತಿತು. ಸಾನು ಅಳುತ್ತ ಅದಕ್ಕೆ ಕಲ್ಲು ಎಸೆದಳು. ಕೊನೆಗೆ ಎರಡು ಹಂಚು ಕೂಡುವ ಸಂದಿನಲ್ಲಿ, ಒಣಗಿದ ತೆಂಗಿನ ಹೂವುಗಳ ನಡುವೆ ನಿಜವಾದ ಹಲ್ಲು ಸಿಕ್ಕಿತು.

“ಬೇರು ಮುಟ್ಟಬೇಡಿ, ಬಿಳಿ ಬದಿ ಹಿಡೀರಿ!”

ಮನೆಯ ಹಾಲೆಲ್ಲ ಹೆಪ್ಪಾಗಿತ್ತು. ಕುಶಲಾ ಎದ್ದು, ಒಳಗಿನಿಂದ ಕತ್ತಿ ತಂದು, ಎರಡೇ ಏಟಿಗೆ ಸೀಯಾಳದ ತಲೆ ಹಾರಿಸಿ, ಲೋಟಕ್ಕೆ ನೀರು ಬಗ್ಗಿಸಿ ಸೊಸೆಯ ಮುಂದೆ ಹಿಡಿದರು. ಹಲ್ಲು ಅದರೊಳಗೆ ಮುಳುಗಿತು. ಅಷ್ಟು ಹೊತ್ತಿನಿಂದ ಬಿಗಿಹಿಡಿದದ್ದು ಭವ್ಯಶ್ರೀಯ ಬಾಯಿಂದ ಸಿಡಿದದ್ದು ಆಗ, ಎಲ್ಲರ ಎದುರಿಗೆ.

“ಇಷ್ಟು ಉದ್ದ ಬೇರು ಇರುವ ಹಲ್ಲನ್ನು ಯಾರಾದ್ರೂ ಬಿಸಾಡ್ತಾರಾ ಮಾಮಿ? ಕಣ್ಣು ಕಾಣುದಿಲ್ವಾ ನಿಮಗೆ?”

ಕುಶಲಾ ಸೊಸೆಯ ಮುಖ ನೋಡಿದರು. ಒಂದು ಕ್ಷಣ ತುಟಿ ಅಲುಗಿತು. ಆಮೇಲೆ ಲೋಟಕ್ಕೆ ತಟ್ಟೆ ಮುಚ್ಚಿ, “ಚೆಲ್ಲದ ಹಾಗೆ ಹಿಡಕೊ,” ಎಂದಷ್ಟೇ ಹೇಳಿದರು.

ರೇಚಲ್ ಹಲ್ಲನ್ನು ಕೂರಿಸಿದಾಗ ಬಿದ್ದು ಎರಡೂವರೆ ಗಂಟೆ ಆಗಿತ್ತು. ಪಕ್ಕದ ಹಲ್ಲುಗಳಿಗೆ ಸೇರಿಸಿ ತೆಳ್ಳಗಿನ ತಂತಿ ಅಂಟಿಸಿದರು. ಧನುರ್ವಾತಕ್ಕೆ ಇಂಜೆಕ್ಷನ್ನು, ಸೋಂಕಿಗೆ ಔಷಧಿ, ಎರಡು ವಾರ ಗಂಜಿಯಂಥ ಮೆತ್ತಗಿನ ಊಟ. “ಹಲ್ಲು ಇಷ್ಟು ಹೊತ್ತು ಒಣಗಿದ್ದು ಹೇಗೆ?” ಎಂದು ಅವರು ಕೇಳಿದಾಗ, “ಅತ್ತೆ ಗೊತ್ತಾಗದೆ ಮಾಡಿಗೆ ಎಸೆದುಬಿಟ್ರು,” ಎಂದಳು ಭವ್ಯಶ್ರೀ. ಅದೇ ವಾಕ್ಯ ಸಂಜೆ ಮಸ್ಕತ್ತಿಗೂ ಹೋಯಿತು. ಲಿಫ್ಟ್ ದುರಸ್ತಿಯ ಕಂಪನಿಯಲ್ಲಿರುವ ರೋಹಿತ್ ಕೆಲಸದ ಅಂಗಿಯಲ್ಲೇ ವಿಡಿಯೋದಲ್ಲಿ ಬಂದ. ಮಗಳ ಮುಖ ನೋಡಿ ಅವನಿಗೂ ತಡೆಯಲಾಗಲಿಲ್ಲ.

“ಅಮ್ಮ, ಬಿಸಾಡುವ ಮೊದಲು ಒಂದು ಮಾತು ಭವ್ಯನ ಹತ್ರ ಕೇಳಬಾರದಾ? ನಿನ್ನ ಕಾಲದ ಹಾಗೆ ಅಲ್ಲ ಈಗ. ಇನ್ನು ಸಾನುವನ್ನು ನಿನ್ನ ಹತ್ರ ಬಿಟ್ಟು ಹೋಗುದು ಹೇಗೆ, ಹೇಳು?”

ಒಂದು ಮಾತು ಕೇಳಬಾರದಾ. ಪಕ್ಕದಲ್ಲೇ ನಿಂತಿದ್ದ ಭವ್ಯಶ್ರೀಯ ಕಿವಿ ಬಿಸಿಯಾಯಿತು. ಈಗ ಹೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಕುಶಲಾ, “ಆಯಿತು ಮಗಾ, ನನ್ನದೇ ತಪ್ಪು,” ಎಂದು ಅಡುಗೆಮನೆಗೆ ನಡೆದರು. ಮರುದಿನ ಬೆಳಿಗ್ಗೆ ಚೀಲ ಹಿಡಿದು ಕಾರ್ಕಳದ ಬಸ್ಸು ಹತ್ತಿದರು. ಹಲ್ಲಿನ ಸೆಟ್ಟಿನ ಲೋಟವನ್ನೂ ಒಯ್ದಿದ್ದಾರೆಂದು ತಿಳಿದಾಗಲೇ ಭವ್ಯಶ್ರೀಗೆ ಗೊತ್ತಾದದ್ದು, ಅದು ನಾಲ್ಕು ದಿನದ ಪ್ರಯಾಣವಲ್ಲ ಎಂದು.

“ಸಾನಿಧ್ಯ!” ಎಂದು ಮಣಿಪಾಲದ ಮಕ್ಕಳ ವಿಭಾಗದ ಒಳಗಿನಿಂದ ಯಾರೋ ಕರೆದರು.

ತಂತಿ ಬಿಚ್ಚಲಿಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಹಿಂದಿನ ವಾರವೇ ಬೇರಿನ ನಾಳದ ಚಿಕಿತ್ಸೆ ಶುರುವಾಗಿತ್ತು. ಭವ್ಯಶ್ರೀ ಕುರ್ಚಿಯ ಕೈ ಹಿಡಿದು ನಿಂತಿದ್ದಳು. ರೇಚಲ್ ಹಲ್ಲನ್ನು ಮೆಲ್ಲಗೆ ತಟ್ಟಿ ನೋಡಿದರು, ಎಕ್ಸ್‌ರೇ ನೋಡಿದರು.

“ಸದ್ಯಕ್ಕೆ ಗಟ್ಟಿ ಕೂತಿದೆ. ಆದ್ರೆ ನಾನು ಸುಳ್ಳು ಭರವಸೆ ಕೊಡುದಿಲ್ಲ ಭವ್ಯಶ್ರೀ. ಒಣಗಿದ ಬೇರಿನ ಮೇಲಿನ ಜೀವಕೋಶಗಳು ಸತ್ತಿರ್ತವೆ. ಹಲ್ಲು ಎಲುಬಿಗೆ ಅಂಟಿಕೊಂಡು, ವರ್ಷ ಹೋದ ಹಾಗೆ ಬೇರು ಕರಗಬಹುದು. ಐದು ವರ್ಷ ಉಳಿಯಬಹುದು, ಹೆಚ್ಚೂ ಆಗಬಹುದು. ಅಷ್ಟು ದಿನ ಇದ್ದರೂ ಅಲ್ಲಿನ ಎಲುಬು ಉಳಿತದೆ, ಅದು ದೊಡ್ಡ ಲಾಭ.”

“ಬಿದ್ದರೆ ನನಗೆ ಅಜ್ಜಿಯ ಹಾಗೆ ಲೋಟದ ಹಲ್ಲಾ?” ಕೇಳಿದಳು ಸಾನು.

ರೇಚಲ್ ನಕ್ಕರು. “ಇಲ್ಲ ಪುಟ್ಟಿ. ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುವ ಹಲ್ಲು ಉಂಟು, ಯಾರಿಗೂ ಗೊತ್ತಾಗುದಿಲ್ಲ. ನೀನು ದೊಡ್ಡವಳಾಗಿ ದವಡೆ ಬೆಳೆಯುದು ನಿಂತ ಮೇಲೆ ಇಂಪ್ಲಾಂಟ್ ಹಾಕಬಹುದು. ಬಣ್ಣ ಬದಲಾದ್ರೆ ಬಿಳಿ ಮಾಡಲಿಕ್ಕೂ ದಾರಿ ಉಂಟು. ನೀನು ಬಾಯಿ ಮುಚ್ಚಿ ನಗಬೇಕಾಗಿಲ್ಲ.”

ಬಾಯಿ ಮುಚ್ಚಿ ನಗುವುದು ಎಂದಾಗ ಭವ್ಯಶ್ರೀ ತಲೆ ತಗ್ಗಿಸಿದಳು.

“ಒಂದು ಕೇಳಲಿಕ್ಕೆ ಉಂಟು,” ಎಂದರು ರೇಚಲ್. “ಮುಂದಿನ ವಾರ ಕಾಪುವಿನ ಶಾಲೆಯಲ್ಲಿ ನಮ್ಮ ಶಿಬಿರ. ಈ ಕತೆ ಹೇಳಲಾ? ಹೆಸರು ಹೇಳುದಿಲ್ಲ. ಅಜ್ಜಿ ಗಟ್ಟಿ ಹಲ್ಲನ್ನು ಮಾಡಿಗೆ ಎಸೆದ್ರು ಅಂದ್ರೆ ಮಕ್ಕಳು ನಗ್ತಾರೆ. ನಕ್ಕದ್ದು ಮರೆಯುದಿಲ್ಲ.”

ಹಿಂದೆ ನಿಂತಿದ್ದ ಇಬ್ಬರು ವಿದ್ಯಾರ್ಥಿನಿಯರು ಆಗಲೇ ಕಿಸಕ್ಕೆಂದರು. ಸಾನು ತಾಯಿಯ ಮುಖ ನೋಡಿದಳು. ಭವ್ಯಶ್ರೀ, “ಹೇಳಿ ಡಾಕ್ಟ್ರೇ, ಅದರಲ್ಲಿ ಎಂತ,” ಎಂದಳು.

ಅಜ್ಜಿಗೆ ಹಲ್ಲು ತೋರಿಸಬೇಕು ಎಂದು ಸಾನು ಹಟ ಹಿಡಿದದ್ದರಿಂದ ಇಬ್ಬರೂ ಕಾರ್ಕಳದ ಬಸ್ಸು ಹತ್ತಿದರು. ಪರ್ಕಳ ದಾಟಿತು, ಹಿರಿಯಡಕ ದಾಟಿತು. ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದ ಮಗಳು ಇದ್ದಕ್ಕಿದ್ದ ಹಾಗೆ ಕೇಳಿದಳು, “ಅಮ್ಮ, ಬಿಸಾಡುವ ಮೊದಲು ಅಜ್ಜಿ ನಿನ್ನ ಹತ್ರ ಕೇಳಿದ್ರಲ್ಲ?”

ಭವ್ಯಶ್ರೀ ಮಗಳ ಕಡೆಗೆ ತಿರುಗಿದಳು.

“ಫೋನು ಸ್ಪೀಕರಿನಲ್ಲಿ ಇತ್ತು. ನಾನು ಅಲ್ಲೇ ಇದ್ದೆ.”

“ಮತ್ತೆ... ಪಪ್ಪನಿಗೆ ಯಾಕೆ ಹೇಳಲಿಲ್ಲ ನೀನು?”

“ಅಜ್ಜಿ ಹೇಳಬೇಡ ಅಂದ್ರು. ಅಮ್ಮನಿಗೆ ಪಾಪ ಮೊದಲೇ ಹೆದರಿಕೆ ಜಾಸ್ತಿ ಅಂತ.” ಸಾನು ಪುನಃ ಕಿಟಕಿಯ ಕಡೆಗೆ ತಿರುಗಿ, “ಡಾಕ್ಟ್ರು ಶಾಲೆಯಲ್ಲಿ ಹೇಳುವಾಗ ನಾನು ಸಹ ನಗಬೇಕಾ?” ಎಂದಳು.



ಕಾರ್ಕಳದ ಮನೆಯಲ್ಲಿ ಕುಶಲಾ ಒಬ್ಬರೇ ಇದ್ದರು. ಮಗಳು, ಅಳಿಯ ಕೆಲಸಕ್ಕೆ ಹೋಗಿದ್ದರು. ಮೊಮ್ಮಗಳನ್ನು ಬೆಳಕಿಗೆ ನಿಲ್ಲಿಸಿ, ಗಲ್ಲ ಹಿಡಿದು, ಹಲ್ಲನ್ನು ಎಷ್ಟೋ ಹೊತ್ತು ನೋಡಿದರು. ಮುಟ್ಟಲಿಲ್ಲ.

“ಚಂದ ಕೂತಿದೆ,” ಎಂದರು. “ಮುಟ್ಟಿದ್ರೆ ಎಂತಾದ್ರೂ ಆದೀತು ಅಂತ ಹೆದರಿಕೆ ನನಗೆ.”

ಸಾನುವಿಗೆ ತಿನ್ನಲಿಕ್ಕೆ ಮೆತ್ತಗಿನ ರಾಗಿ ಮಣ್ಣಿ ಕೊಟ್ಟು ಒಳಗೆ ಕೂರಿಸಿದ ಮೇಲೆ ಭವ್ಯಶ್ರೀ ಅತ್ತೆಯ ಹತ್ತಿರ ಬಂದು ಕೂತಳು.

“ನೀವು ಯಾಕೆ ಹೇಳಲಿಲ್ಲ ಮಾಮಿ? ಎಲ್ಲರ ಎದುರು ನಾನು ಹಾಗೆ ಹೇಳುವಾಗ, ರೋಹಿತ್ ಬೈಯುವಾಗ...”

“ಹೇಳಿ ಎಂತ ಆಗಲಿಕ್ಕೆ ಉಂಟು? ನೀನು ಆ ಹೊತ್ತಿಗೆ ನಡುಗ್ತಾ ಇದ್ದೆ. ಮೇಲಿಂದ ಅವನೂ ಬೈದಿದ್ರೆ ನೀನು ನಿದ್ರೆ ಮಾಡ್ತಿದ್ದಿಯಾ? ನಾನಾದ್ರೆ ತಾಯಿ. ನನ್ನನ್ನು ಬೈದದ್ದು ಅವನು ನಾಳೆ ಮರೀತಾನೆ ಅಂತ ಎಣಿಸಿದೆ.” ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಮರೆಯಲಿಲ್ಲ. ಮೊನ್ನೆ ಮಗಳಿಗೆ ಫೋನು ಮಾಡಿ ಹೇಳಿದನಂತೆ, ಅಮ್ಮ ಅಲ್ಲೇ ಇರಲಿ, ಸಾನುವನ್ನು ನೋಡಿಕೊಳ್ಳಲಿಕ್ಕೆ ಬೇರೆ ಜನ ಹುಡುಕ್ತೇನೆ ಅಂತ.”

ಭವ್ಯಶ್ರೀಗೆ ಅದು ಗೊತ್ತಿರಲಿಲ್ಲ.

“ಇವತ್ತೇ ಬನ್ನಿ ಮಾಮಿ. ನಮ್ಮ ಜೊತೆಗೇ ಬನ್ನಿ. ನನ್ನದು ತಪ್ಪಾಯಿತು.”

“ನಿನ್ನ ಮೇಲೆ ಸಿಟ್ಟಿಲ್ಲ ನನಗೆ. ಆದ್ರೆ ಬರುದಿಲ್ಲ.” ಕುಶಲಾ ಇಷ್ಟು ನೇರವಾಗಿ ಮಾತಾಡಿದ್ದನ್ನು ಅವಳು ಕೇಳಿದ್ದೇ ಇಲ್ಲ. “ಮಗು ಎಡವಿದ್ರೂ ಹೌದು, ಕೆಮ್ಮಿದ್ರೂ ಹೌದು, ಇನ್ನು ಅವನು ಅಲ್ಲಿಂದ ನನ್ನ ಕೈಯನ್ನೇ ನೋಡ್ತಾನೆ. ಎರಡು ಮಕ್ಕಳನ್ನು ಒಬ್ಬಳೇ ಸಾಕಿದ ಕೈ ಇದು. ಹಾಗೆ ನೋಡಿಸಿಕೊಂಡು ನಾನು ಆ ಮನೆಯಲ್ಲಿ ಇರುದು ಹೇಗೆ? ಅವನೇ ಬಾ ಅಂದ್ರೆ ಬರ್ತೇನೆ. ಇಲ್ಲದಿದ್ರೆ ಇಲ್ಲಿಯೇ ಆಯಿತು.”

ಭವ್ಯಶ್ರೀ ಎದ್ದು ಅಂಗಳಕ್ಕೆ ಬಂದಳು. ಮಸ್ಕತ್ತಿನಲ್ಲಿ ಈಗ ಮಧ್ಯಾಹ್ನ, ರೋಹಿತ್ ಕೆಲಸದಲ್ಲಿರುತ್ತಾನೆ. ಆ ಹೊತ್ತಿಗೆ ಅವಳು ಎಂದೂ ಫೋನು ಮಾಡಿದವಳಲ್ಲ. ರಾತ್ರಿ ಮಾಡಿದರಾಯಿತು ಎಂದು ಮನಸ್ಸು ದಾರಿ ತೋರಿಸಿತು. ರಾತ್ರಿ ಅವನು ದಣಿದಿರುತ್ತಾನೆ, ಶುಕ್ರವಾರ ಅವನಿಗೆ ರಜೆ, ಆಗ ಮಾಡಿದರೆ ಸಮಾಧಾನದಲ್ಲಿ ಕೇಳಿಯಾನು. ಹೀಗೆ ನಾಳೆ ನಾಳೆ ಎಂದೇ ಹದಿನಾಲ್ಕು ದಿನ ಹೋಗಿತ್ತು. ಅವನು ಇನ್ನು ತನ್ನನ್ನು ನಂಬದಿದ್ದರೆ? ನೀನೊಬ್ಬಳು ತಾಯಿಯಾ ಎಂದು ಕೇಳಿದರೆ? ಕೇಳಲಿ. ಬೆವರಿದ ಬೆರಳಿಗೆ ಫೋನು ತೆರೆಯಲಿಲ್ಲ. ಚೂಡಿದಾರಕ್ಕೆ ಕೈ ಒರೆಸಿಕೊಂಡು ಪುನಃ ಒತ್ತಿದಳು.

ನಾಲ್ಕು ಸಲ ರಿಂಗಾಯಿತು. ಆಚೆಯಿಂದ ಯಂತ್ರದ ಗರಗರ ಸದ್ದಿನ ಜೊತೆ ಅವನ ಗಾಬರಿಯ ದನಿ.

“ಭವ್ಯಾ? ಎಂತಾಯಿತು? ಹಲ್ಲು ಬಿತ್ತಾ?”

“ಇಲ್ಲ ರೋಹಿತ್, ಹಲ್ಲು ಗಟ್ಟಿ ಉಂಟು. ಬೇರೆ ವಿಷಯ. ಆ ದಿನ ಮಾಮಿ ನನಗೆ ಫೋನು ಮಾಡಿ ಕೇಳಿದ್ರು. ಬೇರು ಉದ್ದ ಉಂಟು, ದೊಡ್ಡ ಹಲ್ಲಿನ ಹಾಗೆ ಕಾಣ್ತದೆ, ತೆಗೆದು ಇಡಲಾ ಅಂತ ಸರಿಯಾಗಿಯೇ ಕೇಳಿದ್ರು. ಬೇಡ, ಬಿಸಾಡಿ ಅಂದದ್ದು ನಾನು. ಕೆಲಸದ ಗಡಿಬಿಡಿಯಲ್ಲಿ ಪೂರ್ತಿ ಕೇಳಲೂ ಇಲ್ಲ.”

ಯಂತ್ರದ ಸದ್ದು ದೂರವಾಯಿತು. ಅವನು ಎಲ್ಲಿಗೋ ನಡೆದು ಹೋಗುತ್ತಿದ್ದ. ಬಾಗಿಲೊಂದು ಮುಚ್ಚಿದ ಸಪ್ಪಳ. 

“ರೋಹಿತ್?”

“ಇದನ್ನು ಅಮ್ಮನಿಗೆ ಹೇಳಿದೆಯಾ ನೀನು?”

“ಅಮ್ಮನಿಗೆ ಗೊತ್ತಿರುವುದೇ ಅಲ್ವಾ?” ಎಂದಳು ಭವ್ಯಶ್ರೀ. “ಗೊತ್ತಿಲ್ಲದೇ ಇದ್ದದ್ದು ನಿಮಗೆ.”